ಹುಲಿ ಏಕೆ ಸಾಯಬೇಕಿತ್ತು?



ದಾರಿ ತಪ್ಪಿದ ಹುಡುಗನನ್ನು ಕರೆಯಲು ನಮ್ಮ ಕನ್ನಡದಲ್ಲಿರುವಷ್ಟು ಶಬ್ದಗಳು ದಾರಿಯಲ್ಲಿಯೇ ನಡೆಯುವ ಹುಡುಗನನ್ನು ಕರೆಯಲು ಇಲ್ಲ. ನೆಟ್ಟಗೆ ಶಾಲೆಗೆ ಹೋಗಿ ನೆಟ್ಟಗೆ ಮನೆಗೆ ಬರುವವನನ್ನು 'ಒಳ್ಳೆಯ ಹುಡುಗ' ಎಂದು ಎರಡೇ ಪದಗಳಲ್ಲಿ ಮುಗಿಸಿಬಿಡುತ್ತೇವೆ. ಇನ್ನೊಬ್ಬನಿಗಾದರೋ ತುಂಟ, ಪುಂಡ, ಪೋಲಿ, ಪೋಕರಿ, ಉಡಾಳ, ಕಿಡಿಗೇಡಿ ಎಂದು ಒಂದು ಕಿರು ನಿಘಂಟೇ ಸಿದ್ಧವಾಗಿದೆ. ಕನ್ನಡ ಮೇಷ್ಟ್ರಾಗಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನನಗೆ ಈ ಶಬ್ದಗಳ ಅರ್ಥಕ್ಕಿಂತ ಅವುಗಳ ವಯಸ್ಸಿನ ಮೇಲೆ ಕುತೂಹಲ. 'ತುಂಟ' ಎಂಬ ಮಾತಿನಲ್ಲಿ ಗದರಿಕೆಯ ಜೊತೆಗೆ ಮುದ್ದೂ ಉಂಟು. ಆದರೆ ಆ ಮಾತು ಹನ್ನೆರಡು ಹದಿಮೂರು ವರ್ಷಕ್ಕೆ ಮುಗಿದುಹೋಗುತ್ತದೆ. ಮೀಸೆ ಚಿಗುರುವ ವೇಳೆಗೆ ಅದೇ ಹುಡುಗ ಪೋಕರಿಯಾಗುತ್ತಾನೆ. ನೆರೆಮನೆಯ ಸೈಕಲ್ಲೋ ಮೊಬೈಲೋ ಕಾಣೆಯಾದ ದಿನ 'ಬಾಲಾಪರಾಧಿ'ಯಾಗುತ್ತಾನೆ. ಸಮಾಜ ತನ್ನ ಮುದ್ದನ್ನು ಹಿಂತೆಗೆದುಕೊಳ್ಳುವ ವಯಸ್ಸೂ ಹುಡುಗನಿಗೆ ಅದು ಅತ್ಯಂತ ಅಗತ್ಯವಾದ ವಯಸ್ಸೂ ಒಂದೇ ಆಗಿರುವುದು ವಿಚಿತ್ರವಲ್ಲವೆ?

ಇಂಥ ಹುಡುಗರು ಮನೆಯಲ್ಲಿಯೂ ಶಾಲೆಯಲ್ಲಿಯೂ ನಿಲ್ಲದೆ ಹೋದಾಗ ಅವರನ್ನು ಇಟ್ಟುಕೊಂಡು, ಊಟ ಹಾಕಿ, ಓದು ಕೆಲಸ ಕಲಿಸಿ, ಮನಸ್ಸನ್ನು ಸರಿಪಡಿಸಿ ಕಳುಹಿಸುವ ವಸತಿಗಳ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಜನ ಇವನ್ನು ಇಂದಿಗೂ 'ರಿಮಾಂಡ್ ಹೋಮ್' ಎಂದೇ ಕರೆಯುವುದುಂಟು. ಕಾನೂನಿನ ಭಾಷೆ ಮಾತ್ರ ಬಹಳ ದೂರ ನಡೆದುಬಂದಿದೆ. 1897ರ ಬ್ರಿಟಿಷರ ಕಾಯ್ದೆಯಲ್ಲಿ ಇವು 'ರಿಫಾರ್ಮೇಟರಿ' ಶಾಲೆಗಳು. ಆಮೇಲೆ ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿಯ ಹೆಸರನ್ನು ಹೊತ್ತು 'ಬೋರ್ಸ್ಟಲ್' ಶಾಲೆಗಳು ಬಂದವು. ನಮ್ಮ ಧಾರವಾಡವೂ ಅಂಥದೊಂದನ್ನು ಕಂಡಿತು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದಾಗ, 1964ರಲ್ಲಿ, ಮಕ್ಕಳ ಕಾಯ್ದೆಯೊಂದು ಬಂತು. 1986ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯ್ದೆಯಾಯಿತು. 2000ದಲ್ಲಿಯೂ 2015ರಲ್ಲಿಯೂ ಅದು ಹೊಸ ರೂಪ ತಾಳಿತು. ಈಗಿನ ಕಾಯ್ದೆಯಲ್ಲಿ 'ಬಾಲಾಪರಾಧಿ' ಎಂಬ ಮಾತೇ ಹಿಂದೆ ಸರಿದು, 'ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು' ಎಂಬ ಉದ್ದನೆಯ ಪದಪುಂಜ ಬಂದು ಕುಳಿತಿದೆ. ಇದನ್ನು ಕೇಳಿ ನಗುವವರುಂಟು. ನನಗೆ ನಗು ಬರುವುದಿಲ್ಲ. 'ಅಪರಾಧಿ' ಎಂದರೆ ಅಲ್ಲಿಗೆ ಮಾತು ಮುಗಿಯಿತು. 'ಸಂಘರ್ಷ' ಎಂದರೆ ಅದಕ್ಕೊಂದು ಆರಂಭವಿರುವಂತೆ ಕೊನೆಯೂ ಇರಬೇಕಷ್ಟೆ.

ಈ ಹುಡುಗರ ಚಿಂತೆ ನಮ್ಮ ಮೈಸೂರಿಗೆ ಹೊಸದೇನೂ ಅಲ್ಲ. ಬೇರೆ ಊರಿನ ಮಕ್ಕಳನ್ನು ತನ್ನ ಮಕ್ಕಳೆಂದು ಸಾಕಿದ ಊರು ಇದು. 1941ರಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಇಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಅದಕ್ಕೂ ಹಿಂದೆ, 1920ರ ದಶಕದಲ್ಲಿ, ಮಲೆನಾಡಿನಿಂದ ಬಂದು ಇಲ್ಲಿ ಒಂಟಿಯಾಗಿ ಕಾಯಿಲೆ ಬಿದ್ದಿದ್ದ ತರುಣ ಪುಟ್ಟಪ್ಪನವರನ್ನು ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ಕಾಪಾಡಿದ್ದನ್ನು ಕುವೆಂಪು ಅವರನ್ನು ಓದಿದವರೆಲ್ಲ ಬಲ್ಲರು. ಇನ್ನು ಈ ಆಕಾಶವಾಣಿಗೂ ಮನಶ್ಶಾಸ್ತ್ರಕ್ಕೂ ಈ ಊರಿನಲ್ಲಿ ಒಂದು ನಂಟುಂಟು. 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ, 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದವರು. ಮನಸ್ಸಿನೊಳಗಿನ ದನಿಯನ್ನು ಕೇಳಿಸಿಕೊಳ್ಳುವ ವಿದ್ಯೆಯೂ ದನಿಯನ್ನು ದೂರಕ್ಕೆ ಮುಟ್ಟಿಸುವ ವಿದ್ಯೆಯೂ ಒಬ್ಬರ ಕೈಯಲ್ಲಿಯೇ ಇಲ್ಲಿ ಬೆಳೆದವು.

ಹಿಂದಿನ ಕಾಲದಲ್ಲಿ ಮನೆಗೆ ಒಗ್ಗದ ಹುಡುಗ ಎಲ್ಲಿಗೆ ಹೋಗುತ್ತಿದ್ದ? ಓಡಿಹೋಗುತ್ತಿದ್ದ. ಓಡಿಹೋದವನಿಗೆ ಮಠವಿತ್ತು, ಹೋಟೆಲಿತ್ತು, ಎಲ್ಲಕ್ಕಿಂತ ಮಿಗಿಲಾಗಿ ನಾಟಕದ ಕಂಪನಿಯಿತ್ತು. ದಕ್ಷಿಣ ಕನ್ನಡದ ಹುಡುಗ ಬಿ. ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು. ಅವರನ್ನು ಮುಂದೆ ಓದಲೆಂದು ಕಾಶಿಗೆ ಕಳುಹಿಸಿದವರೂ ವೀರಣ್ಣನವರೇ. ಆ ಹುಡುಗನೇ ದೇಶವೆಲ್ಲ ಬಲ್ಲ ರಂಗನಿರ್ದೇಶಕರಾಗಿ 1989ರಲ್ಲಿ ನಮ್ಮ ಮೈಸೂರಿನಲ್ಲಿ 'ರಂಗಾಯಣ'ವನ್ನು ಕಟ್ಟಿದರು. ನಾಟಕದ ಕಂಪನಿ ಚಿಕಿತ್ಸಾಲಯವಾಗಿರಲಿಲ್ಲ. ಅಲ್ಲಿಯೂ ಹಸಿವು, ಬೈಗುಳ, ಏಟುಗಳೆಲ್ಲ ಇದ್ದವು. ಆದರೆ ಹುಡುಗನಿಗೆ ಅಲ್ಲಿ ಮೂರು ಸಂಗತಿಗಳು ದೊರೆಯುತ್ತಿದ್ದವು: ತಾನಿಲ್ಲದಿದ್ದರೆ ನಿಂತುಹೋಗುವ ಒಂದು ಕೆಲಸ, ತನ್ನನ್ನು ಗಮನಿಸುವ ಒಬ್ಬ ಹಿರಿಯ, ಬೇಕೆಂದಾಗ ಹೊರಡಲು ತೆರೆದಿದ್ದ ಬಾಗಿಲು. ಇಂದು ಓಡಿಹೋಗುವ ಹುಡುಗನಿಗೆ ಆ ಕಂಪನಿಗಳಿಲ್ಲ. ರೈಲ್ವೆ ನಿಲ್ದಾಣದ ಪ್ಲಾಟ್‌ಫಾರಂ ಇದೆ. ಅಲ್ಲಿ ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಸುವುದನ್ನು ಕಲಿಸುವ ಗೆಳೆಯರಿದ್ದಾರೆ. ಆದ್ದರಿಂದಲೇ ನಾನು ಹೇಳುತ್ತಿರುವ ವಸತಿಗಳು ನಮಗೆ ಬೇಕು.

ನಿವೃತ್ತಿಯ ನಂತರ ನಾನು ಅಂಥ ಒಂದು ವಸತಿಗೆ ವಾರದಲ್ಲಿ ಎರಡು ಮಧ್ಯಾಹ್ನ ಹೋಗಿ ಕನ್ನಡ ಕಥೆ, ಹಾಡು ಹೇಳುತ್ತ ಬಂದಿದ್ದೇನೆ. ಅದರ ಹೆಸರನ್ನು ಹೇಳಲಾರೆ. ಅಲ್ಲಿನ ಮಕ್ಕಳ ಗುರುತು ಹೊರಗೆ ಬೀಳಬಾರದೆಂದು ಕಾನೂನೇ ಇದೆ. ಇಲ್ಲದಿದ್ದರೂ ಅದು ಮರ್ಯಾದೆಯ ಪ್ರಶ್ನೆ. ಅಲ್ಲಿನ ದಿನಚರಿಯಲ್ಲಿ ವಿಶೇಷವೇನೂ ಕಾಣದು. ಬೆಳಗಿನ ಗಂಟೆ, ನಲ್ಲಿಯ ಮುಂದೆ ಸಾಲು, ಕವಾಯತು, ಉಪ್ಪಿಟ್ಟೋ ಚಿತ್ರಾನ್ನವೋ, ಪಾಠ, ಮಧ್ಯಾಹ್ನ ಮರಗೆಲಸ ಇಲ್ಲವೆ ಹೊಲಿಗೆ, ಸಂಜೆ ಕಬಡ್ಡಿ, ರಾತ್ರಿ ಮುದ್ದೆ ಸಾರು. ಮಧ್ಯೆ ಒಂದು ಚಿಕ್ಕ ಕೋಣೆಯಲ್ಲಿ ಆಪ್ತಸಮಾಲೋಚಕಿ ಒಬ್ಬೊಬ್ಬ ಹುಡುಗನನ್ನೂ ಕೂರಿಸಿಕೊಂಡು ಮಾತನಾಡಿಸುತ್ತಾರೆ. ಹುಡುಗರು ಅವರನ್ನು 'ಅಕ್ಕ' ಎನ್ನುತ್ತಾರೆ. ಕೆಲವರು ಆ ಕೋಣೆಯಲ್ಲಿ ವಾರಗಟ್ಟಲೆ ತುಟಿ ಬಿಚ್ಚುವುದಿಲ್ಲ. ಅಕ್ಕ ಸುಮ್ಮನೆ ಅವರ ಜೊತೆ ಕುಳಿತು ಅವರೆಕಾಯಿ ಸುಲಿಯುತ್ತಾರೆ. ಕೈಗೆ ಕೆಲಸ ಸಿಕ್ಕಿದಾಗ ಬಾಯಿ ತಾನಾಗಿ ತೆರೆಯುತ್ತದೆ ಎಂಬುದು ಅವರ ಅನುಭವ.

ಆ ಮನೆಯ ನಿಜವಾದ ಜೀವನ ಗಂಟೆಗಳ ನಡುವಿನ ಸಣ್ಣ ಸಂಗತಿಗಳಲ್ಲಿದೆ. ಹೊಸದಾಗಿ ಬಂದ ಹುಡುಗ ಚಪ್ಪಲಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾನೆ. ಯಾವ ಕ್ಷಣದಲ್ಲಿ ಓಡಬೇಕಾಗುವುದೋ ಯಾರು ಬಲ್ಲರು? ಯಾರೂ ಅವನಿಗೆ 'ತೆಗೆ' ಎಂದು ಹೇಳುವುದಿಲ್ಲ. ಒಂದು ದಿನ ಆ ಚಪ್ಪಲಿ ಹೊರಗಿನ ಸಾಲಿನಲ್ಲಿ ಮಿಕ್ಕವರ ಚಪ್ಪಲಿಗಳ ಪಕ್ಕ ಕಾಣಿಸಿಕೊಳ್ಳುತ್ತದೆ. ಅಂದು ಅಕ್ಕ ತಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಇನ್ನೊಬ್ಬ ಊಟದಲ್ಲಿ ಎರಡು ಚಪಾತಿಯನ್ನು ಯಾವಾಗಲೂ ಜೇಬಿಗೆ ಸೇರಿಸುತ್ತಿದ್ದ. ಅದು ಕಳ್ಳತನವಲ್ಲ, ನಾಳೆಯ ಮೇಲಿನ ಅಪನಂಬಿಕೆ ಎಂದು ತಿಳಿದ ಅಡುಗೆಯಾಕೆ, ರಾತ್ರಿ ಅವನ ಹಾಸಿಗೆಯ ಬಳಿ ಒಂದು ಡಬ್ಬಿಯಲ್ಲಿ ಚಪಾತಿ ಇಡಲು ಆರಂಭಿಸಿದಳು. ಮೂರು ವಾರದಲ್ಲಿ ಡಬ್ಬಿ ತುಂಬಿದಂತೆಯೇ ಅಡುಗೆಮನೆಗೆ ಹಿಂದಿರುಗತೊಡಗಿತು. ಹಗಲೆಲ್ಲ ಗೂಳಿಯಂತೆ ಹಾಯುವ ಹದಿನೈದರ ಹುಡುಗ ರಾತ್ರಿ ದೀಪ ಆರಿಸಿದರೆ ಹೆದರುತ್ತಾನೆ. ಇವೆಲ್ಲ ಯಾವ ಆರೋಪಪಟ್ಟಿಯಲ್ಲಿಯೂ ಇರುವುದಿಲ್ಲ.

ಒಂದು ಮಧ್ಯಾಹ್ನ ನಾನು 'ಗೋವಿನ ಹಾಡು' ಹೇಳಿದೆ. ಪುಣ್ಯಕೋಟಿಯ ಕಥೆಯನ್ನು ಅರಿಯದ ಕನ್ನಡ ಮಗುವಿಲ್ಲ. ಹಸು ಮಾತಿಗೆ ತಪ್ಪದೆ ಹಿಂದಿರುಗುತ್ತದೆ; ಹುಲಿಯ ಮನಸ್ಸು ಕರಗುತ್ತದೆ; ತಿನ್ನಲಾರೆನೆಂದು ಹುಲಿ ತಾನೇ ಪ್ರಾಣ ಬಿಡುತ್ತದೆ. ಸಾಮಾನ್ಯವಾಗಿ ಈ ಘಟ್ಟಕ್ಕೆ ಬಂದಾಗ ಕೇಳುವವರ ಕಣ್ಣು ತೇವವಾಗುತ್ತದೆ. ಇಲ್ಲಿ ಆಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಕೇಳಿದ: "ಸಾರ್, ಹುಲಿ ಯಾಕೆ ಸಾಯ್ಬೇಕಿತ್ತು? ತಪ್ಪು ಗೊತ್ತಾಯ್ತಲ್ಲ, ಆಮೇಲೆ ಬದುಕ್ಬೋದಿತ್ತಲ್ಲ?"

ಕಾಲೇಜಿನ ತರಗತಿಗಳಲ್ಲಿ ಈ ಹಾಡಿನ ಸತ್ಯನಿಷ್ಠೆ, ಕರುಣೆ, ಛಂದಸ್ಸು ಎಲ್ಲದರ ಮೇಲೆಯೂ ಪ್ರಶ್ನೆಗಳು ಬಂದದ್ದುಂಟು. ಈ ಪ್ರಶ್ನೆ ಬಂದಿರಲಿಲ್ಲ. ಬರುವುದಾದರೂ ಹೇಗೆ? ತರಗತಿಯಲ್ಲಿ ಕುಳಿತವರೆಲ್ಲ ಕಥೆಯನ್ನು ಹಸುವಿನ ಕಡೆಯಿಂದ ಕೇಳಿದವರು. ಈ ಹುಡುಗ ಅದನ್ನು ಹುಲಿಯ ಕಡೆಯಿಂದ ಕೇಳಿದ್ದ. ತಪ್ಪು ಮಾಡಿದವನು ಪಶ್ಚಾತ್ತಾಪಪಟ್ಟರೆ ನಮಗೆ ಮೆಚ್ಚುಗೆ. ಪಶ್ಚಾತ್ತಾಪಪಟ್ಟು ಅಲ್ಲಿಯೇ ಸತ್ತರೆ ಇನ್ನೂ ಮೆಚ್ಚುಗೆ. ಅವನು ಬದುಕಿ, ಮರುದಿನ ಬೆಳಿಗ್ಗೆ ನಮ್ಮ ಬೀದಿಯ ನಲ್ಲಿಯ ಬಳಿ ಬಿಂದಿಗೆ ಹಿಡಿದು ನಿಂತರೆ ಏನು ಮಾಡಬೇಕೆಂದು ಆ ಹಾಡು ಹೇಳುವುದಿಲ್ಲ.

ಉತ್ತರವನ್ನು ಮುಂದಿನ ವಾರ ತರುತ್ತೇನೆಂದು ಹೇಳಿ, ಅಂಗುಲಿಮಾಲನ ಕಥೆಯನ್ನು ತಂದೆ. ಬೌದ್ಧರ ಮಜ್ಝಿಮನಿಕಾಯದಲ್ಲಿ ಬರುವ ಕಥೆ ಅದು. ಕೊಂದವರ ಬೆರಳುಗಳ ಮಾಲೆ ಧರಿಸಿದ್ದ ಕ್ರೂರಿ ಬುದ್ಧನನ್ನು ಕಂಡು ಬದಲಾಗುತ್ತಾನೆ. ಬದಲಾಗಿ ಸಾಯುವುದಿಲ್ಲ, ಭಿಕ್ಷುವಾಗುತ್ತಾನೆ. ಅವನನ್ನು ಹಿಡಿಯಲು ಸೈನ್ಯದೊಡನೆ ಹೊರಟ ಕೋಸಲದ ದೊರೆ ಪ್ರಸೇನಜಿತ್ತನೂ ಭಿಕ್ಷುವನ್ನು ಕಂಡು ಕೈಮುಗಿಯುತ್ತಾನೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅಂಗುಲಿಮಾಲ ಶ್ರಾವಸ್ತಿಯಲ್ಲಿ ಭಿಕ್ಷೆಗೆ ಹೋದಾಗ ಕಲ್ಲು, ಕೋಲುಗಳು ಬಂದು ಬೀಳುತ್ತವೆ. ತಲೆ ಒಡೆದು ರಕ್ತ ಸುರಿಯುತ್ತ, ಪಾತ್ರೆ ಒಡೆದು, ಬಟ್ಟೆ ಹರಿದು ಅವನು ಹಿಂದಿರುಗುತ್ತಾನೆ. ಸಹಿಸಿಕೊ ಎಂದು ಬುದ್ಧ ಹೇಳುತ್ತಾನೆ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಈ ಕಥೆ ಹೇಳಿದವರಿಗೆ ಗೊತ್ತಿತ್ತು: ಬದಲಾಗುವುದು ಅರ್ಧ ಕೆಲಸ, ಬದಲಾದವನಾಗಿ ಊರಿನಲ್ಲಿ ಬದುಕುವುದು ಉಳಿದರ್ಧ. ಕಥೆ ಮುಗಿದಾಗ ಅದೇ ಹುಡುಗ, "ತಲೆಗೆ ಪಟ್ಟಿ ಕಟ್ಟಿದ್ದು ಯಾರು ಸಾರ್?" ಎಂದ.

ಈ ಎರಡು ಪ್ರಶ್ನೆಗಳ ಆಚೆಗೆ ಈ ವಿಷಯದಲ್ಲಿ ಕೇಳಬೇಕಾದದ್ದು ಹೆಚ್ಚೇನೂ ಇಲ್ಲ ಎಂದು ನನಗನ್ನಿಸುತ್ತದೆ.

ಮೊದಲ ಪ್ರಶ್ನೆಗೆ ನಮ್ಮ ಕಾನೂನು ಉತ್ತರ ಕೊಟ್ಟಿದೆ. 2015ರ ಕಾಯ್ದೆಯ ಮೂಲತತ್ತ್ವಗಳಲ್ಲಿ 'ಹೊಸ ಆರಂಭ' ಎಂಬುದೂ ಒಂದು. ಕೆಲವು ಘೋರ ಪ್ರಕರಣಗಳನ್ನು ಬಿಟ್ಟರೆ, ಮಗುವಿನ ಹಳೆಯ ದಾಖಲೆಗಳನ್ನು ಅವಧಿ ತೀರಿದ ಮೇಲೆ ನಾಶಮಾಡಬೇಕು. ಆ ಹಳೆಯ ತಪ್ಪು ಮುಂದೆ ನೌಕರಿಗೂ ಓದಿಗೂ ಅಡ್ಡ ಬರಕೂಡದು. ಹದಿನೆಂಟು ತುಂಬದವರ ಪ್ರಕರಣವನ್ನು ನೋಡುವ ಬಾಲನ್ಯಾಯ ಮಂಡಳಿಯಲ್ಲಿ ನ್ಯಾಯಾಧೀಶರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕುಳಿತಿರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆ. ವಿಶೇಷ ಗೃಹದಲ್ಲಿ ಇರಿಸುವುದಾದರೂ ಮೂರು ವರ್ಷ ಮೀರುವಂತಿಲ್ಲ. ಹದಿನಾರರಿಂದ ಹದಿನೆಂಟರ ನಡುವಿನವರು ಅತಿ ಘೋರವಾದ ಅಪರಾಧ ಮಾಡಿದಾಗ ಅವರನ್ನು ವಯಸ್ಕರಂತೆ ವಿಚಾರಿಸಬಹುದೆಂಬ ನಿಯಮವೂ ಅದೇ ಕಾಯ್ದೆಯಲ್ಲಿ ಸೇರಿತು. 2012ರ ದೆಹಲಿಯ ದುರಂತದ ನೋವು ಅದರ ಹಿಂದಿದೆ. ನೊಂದವರ ಕಣ್ಣೀರನ್ನು ಮರೆತು ಹುಲಿಯ ಪರವಾಗಿ ಮಾತ್ರ ಮಾತನಾಡುವುದು ನ್ಯಾಯವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ನಿಯಮದ ಕೆಳಗೆ ಬಂದವನಿಗೂ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯನ್ನಾಗಲಿ ಮರಣದಂಡನೆಯನ್ನಾಗಲಿ ವಿಧಿಸುವಂತಿಲ್ಲ. ಹುಲಿ ಬದುಕಬೇಕು ಎಂದು ಕಾನೂನು ತೀರ್ಮಾನಿಸಿದೆ.

ಎಲ್ಲಿ ಬದುಕಬೇಕು, ಯಾರ ಕಣ್ಗಾವಲಿನಲ್ಲಿ? ಇದಕ್ಕೆ ಜಗತ್ತಿನ ಅನುಭವ ನಮಗೆ ಎರಡು ಪಾಠಗಳನ್ನು ಹೇಳುತ್ತದೆ. 1913ರಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಹೋಮರ್ ಲೇನ್ ಎಂಬಾತ 'ಲಿಟ್ಲ್ ಕಾಮನ್‌ವೆಲ್ತ್' ಎಂಬ ವಸತಿಯನ್ನು ನಡೆಸಲಾರಂಭಿಸಿದ. ಕಳ್ಳತನದಂಥ ಆರೋಪ ಹೊತ್ತ ಹುಡುಗ ಹುಡುಗಿಯರೇ ಅಲ್ಲಿ ನಿಯಮ ಮಾಡುತ್ತಿದ್ದರು, ತಮ್ಮದೇ ನ್ಯಾಯಸಭೆ ನಡೆಸುತ್ತಿದ್ದರು. ನಂಬಿದರೆ ಮಕ್ಕಳು ನಂಬಿಕೆಗೆ ಯೋಗ್ಯರಾಗುತ್ತಾರೆ ಎಂಬುದು ಅವನ ತತ್ತ್ವ. ಮುಂದೆ 'ಸಮ್ಮರ್‌ಹಿಲ್' ಶಾಲೆ ಕಟ್ಟಿದ ಎ. ಎಸ್. ನೀಲ್‌ಗೆ ಸ್ಫೂರ್ತಿ ಇವನೇ. ಆದರೆ ಲೇನನ ಮೇಲೆಯೇ ಇಬ್ಬರು ಹುಡುಗಿಯರು ದೂರಿತ್ತು, ವಿಚಾರಣೆಯಾಗಿ, 1918ರಲ್ಲಿ ಆ ವಸತಿ ಮುಚ್ಚಿತು. ಪ್ರೀತಿಯ ಮೇಲೆ ಕಟ್ಟಿದ ಮನೆಗೂ ಹೊರಗಿನ ಕಣ್ಣು ಬೇಕು ಎಂಬುದು ಮೊದಲ ಪಾಠ.

ಎರಡನೆಯದು ಅಮೆರಿಕದ್ದು. ಅಲ್ಲಿ 1960ರ ದಶಕದಿಂದೀಚೆಗೆ, ಹದಿಹರೆಯದವರನ್ನು 'ಸರಿಪಡಿಸುವ' ಖಾಸಗಿ ವಸತಿಶಾಲೆಗಳು ಒಂದು ದೊಡ್ಡ ಉದ್ಯಮವಾಗಿಯೇ ಬೆಳೆದವು. ತಂದೆತಾಯಿಯರು ಹೇರಳ ಹಣ ತೆರುತ್ತಿದ್ದರು. ಕೆಲವು ಮಕ್ಕಳನ್ನು ನಡುರಾತ್ರಿ ಹಾಸಿಗೆಯಿಂದೆಬ್ಬಿಸಿ ಅಪರಿಚಿತರ ಕೈಯಲ್ಲಿ ಸಾಗಿಸಲಾಯಿತು. ಮನೆಗೆ ಬರೆದ ಕಾಗದಗಳನ್ನು ಸಿಬ್ಬಂದಿ ಓದಿ ತಡೆಯುತ್ತಿದ್ದರು. ಎಲ್ಲರ ನಡುವೆ ನಿಲ್ಲಿಸಿ ಹೀಯಾಳಿಸುವುದನ್ನೇ ಚಿಕಿತ್ಸೆ ಎನ್ನುತ್ತಿದ್ದರು. ಅಲ್ಲಿ ಬೆಳೆದವರು ವಯಸ್ಕರಾದ ಮೇಲೆ ಬಾಯಿ ಬಿಟ್ಟರು. ಹೆಸರಾಂತ ಶ್ರೀಮಂತ ಮನೆತನದ ಪ್ಯಾರಿಸ್ ಹಿಲ್ಟನ್ ಎಂಬಾಕೆ 2020ರಿಂದ ಬಹಿರಂಗವಾಗಿ ಮಾತನಾಡಿದ ಮೇಲೆ ಆ ದೂರುಗಳಿಗೆ ಬಲ ಬಂತು. 2024ರ ಡಿಸೆಂಬರಿನಲ್ಲಿ ಇಂಥ ಸಂಸ್ಥೆಗಳಿಗೆ ಸಂಬಂಧಿಸಿದ ಕಾನೂನೊಂದಕ್ಕೆ ಅಲ್ಲಿನ ಅಧ್ಯಕ್ಷರ ಅಂಕಿತ ಬಿತ್ತು. ಬಡವರ ಮಕ್ಕಳಷ್ಟೇ ಕೂಡಿಹಾಕಲ್ಪಡುತ್ತಾರೆಂದು ತಿಳಿಯಬಾರದು. ಹಣವೂ ಬೀಗವನ್ನು ಕೊಳ್ಳುತ್ತದೆ.

ಇದನ್ನು ಹೇಳಲು ಕಾರಣವುಂಟು. ನನ್ನ ವಯಸ್ಸಿನವರನ್ನು ಕಂಡಾಗ ಎಷ್ಟೋ ತಂದೆತಾಯಿಗಳು, "ಸಾರ್, ಮಗ ಕೈಗೆ ಸಿಗುತ್ತಿಲ್ಲ, ಕಟ್ಟುನಿಟ್ಟಾದ ಹಾಸ್ಟೆಲ್ಲು ಯಾವುದಿದೆ?" ಎಂದು ಕೇಳುತ್ತಾರೆ. ಕೇಳುವವರ ಸಂಕಟ ನಿಜವಾದದ್ದು. ಅವರಿಗೆ ನಾನು ಹೇಳುವುದಿಷ್ಟು. ಅಲ್ಲಿಂದ ಮಗ ಮನೆಗೆ ಯಾರೂ ಓದದ ಕಾಗದ ಬರೆಯಬಹುದೆ, ಯಾರೂ ಕೇಳಿಸಿಕೊಳ್ಳದ ಫೋನು ಮಾಡಬಹುದೆ ಎಂದು ವಿಚಾರಿಸಿ. ಮುನ್ಸೂಚನೆ ಕೊಡದೆ ನೀವು ಹೋದರೆ ಬಾಗಿಲು ತೆರೆಯುತ್ತಾರೆಯೆ ನೋಡಿ. ಹೊಡೆಯುತ್ತಾರೆಯೆ ಕೇಳಿ, ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೂ, ಮಕ್ಕಳ ವಸತಿಗಳಲ್ಲಿ ಹೊಡೆಯುವುದನ್ನು ಬಾಲನ್ಯಾಯ ಕಾಯ್ದೆಯೂ ನಿಷೇಧಿಸಿವೆ. ಕೊನೆಯದಾಗಿ, 'ಇವನು ಮನೆಗೆ ಮರಳುವುದು ಯಾವಾಗ?' ಎಂದು ಕೇಳಿ. ಈ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಮಗನನ್ನು ಬಿಡಬೇಡಿ.

ಮಗನೊಬ್ಬನನ್ನೇ ಸರಿಪಡಿಸಲಾಗದು ಎಂಬುದು ನಮ್ಮ ದೇಶದ ವೈದ್ಯರು ತೋರಿಸಿಕೊಟ್ಟ ಸತ್ಯ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ರೋಗಿಗಳ ಜೊತೆ ಅವರ ಮನೆಯವರೂ ಡೇರೆಗಳಲ್ಲಿ ಉಳಿಯುವಂತೆ ಮಾಡಿದರು. ಮನೆಯವರು ಜೊತೆಗಿದ್ದ ರೋಗಿ ಬೇಗ ಗುಣವಾಗಿ ಮನೆ ಸೇರಿದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದೇ ದಾರಿಯಲ್ಲಿ ಕುಟುಂಬ ಸಮೇತ ಚಿಕಿತ್ಸೆ ಕೊಡುವ ಪದ್ಧತಿ ಬೆಳೆಯಿತು. ಮಕ್ಕಳನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕು ಎಂದು ನಮ್ಮ ಕಾನೂನು ಹೇಳುವುದರ ಹಿಂದೆ ಈ ತಿಳಿವೇ ಇದೆ.

ಇನ್ನು ಎರಡನೆಯ ಪ್ರಶ್ನೆ: ಪಟ್ಟಿ ಕಟ್ಟುವವರು ಯಾರು? ಹದಿನೆಂಟು ತುಂಬಿದ ದಿನ ಹುಡುಗ ಒಂದು ಚೀಲ ಹಿಡಿದು ಗೇಟಿನ ಹೊರಗೆ ಬರುತ್ತಾನೆ. ಇಪ್ಪತ್ತೊಂದರವರೆಗೆ ಅವನಿಗೆ ನೆರವಾಗಲು ಅವಕಾಶವನ್ನು ನಿಯಮಗಳು ಕಲ್ಪಿಸಿವೆ. ಆದರೆ ಬಾಡಿಗೆಗೆ ಕೋಣೆ ಕೊಡಬೇಕಾದದ್ದು ಸರ್ಕಾರವಲ್ಲ, ನಾವು. ಗ್ಯಾರೇಜಿನಲ್ಲಿ, ಮರದ ಕಾರ್ಖಾನೆಯಲ್ಲಿ, ಬೇಕರಿಯಲ್ಲಿ ಕೆಲಸ ಕೊಡಬೇಕಾದವರು ನಾವು. 'ಎಲ್ಲಿದ್ದೆ ಇಷ್ಟು ದಿನ?' ಎಂದು ಕೆದಕದೆ ಇರಬೇಕಾದವರು ನಾವು. ಆ ವಸತಿಯಿಂದ ಹೊರಬಂದ ಒಬ್ಬ ಹುಡುಗ ಈಗ ನಮ್ಮ ಬಡಾವಣೆಯ ಸಮೀಪದಲ್ಲಿ ಮರಗೆಲಸ ಮಾಡುತ್ತಾನೆ. ಅವನನ್ನು ಇಟ್ಟುಕೊಂಡ ಯಜಮಾನರು ಹೇಳಿದ ಮಾತು ಬಹಳ ಸರಳವಾದದ್ದು: "ಅಂಗಡಿ ಬೀಗದ ಕೈ ಅವನ ಹತ್ತಿರಾನೇ ಇರುತ್ತೆ ಸಾರ್. ಬೆಳಿಗ್ಗೆ ಬೇಗ ಬರೋನು ಅವನೇ."

ಈ ಊರಿನಲ್ಲಿ ಕೆಲಸಗಾರ ಬೇಕಾದ ಅಂಗಡಿಗಳು ಬಹಳ ಇವೆ, ಖಾಲಿಯಿರುವ ಕೋಣೆಗಳೂ ಇವೆ. ವಾರದಲ್ಲಿ ಒಂದೆರಡು ಗಂಟೆ ಬಿಡುವಿರುವ ನಿವೃತ್ತರಂತೂ ಬೀದಿಗೆ ನಾಲ್ವರು ಸಿಗುತ್ತಾರೆ. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿದರೆ, ಹೋಗಬೇಕಾದ ಜಾಗವನ್ನೂ ಅದರ ಕ್ರಮವನ್ನೂ ತಿಳಿಸುತ್ತಾರೆ. ಹೋಗುವಾಗ ಉಪದೇಶವನ್ನು ಒಯ್ಯುವ ಅಗತ್ಯವಿಲ್ಲ. ಅದು ಆ ಹುಡುಗರಿಗೆ ಸಾಕಷ್ಟು ದೊರೆತಿದೆ. ಒಂದು ಕಥೆ ಒಯ್ಯಿರಿ, ಇಲ್ಲವೆ ಕೈಗೊಂದು ಕೆಲಸ ಒಯ್ಯಿರಿ. ಅವರ ಪ್ರಶ್ನೆಗೆ ಒಡನೆಯೇ ಉತ್ತರ ಹೊಳೆಯದಿದ್ದರೆ ಚಿಂತೆಯಿಲ್ಲ, ಮುಂದಿನ ವಾರ ಮತ್ತೆ ಹೋಗಿ. ಹೇಳಿದ ದಿನ ಹೇಳಿದ ಹೊತ್ತಿಗೆ ಮತ್ತೆ ಬರುವ ಹಿರಿಯರನ್ನು ಅವರು ಹೆಚ್ಚಾಗಿ ಕಂಡವರಲ್ಲ.